ಗೃಹ ಅಕ್ವೇರಿಯಂ: ಸ್ಥಾಪನೆ ಮತ್ತು ನಿರ್ವಹಣೆ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮನೆಯಲ್ಲಿ ಗಾಜಿನ ತೊಟ್ಟಿಯಿರಿಸಿ ಅಲಂಕಾರಿಕ ಮೀನುಗಳನ್ನು ಸಾಕುವ ಹವ್ಯಾಸವು ನಗರಗಳಲ್ಲಿ ಮಾತ್ರವಲ್ಲದೆ ಸಣ್ಣ ಪಟ್ಟಣಗಳಲ್ಲಿಯೂ ಜನಪ್ರಿಯವಾಗಿದೆ. ಇದು ಮನಸ್ಸಿಗೆ ನೆಮ್ಮದಿಯನ್ನು ನೀಡುವುದಲ್ಲದೆ ಮಕ್ಕಳಲ್ಲಿ ಜೀವಿಗಳ ಬಗ್ಗೆ ಕುತೂಹಲ ಹಾಗೂ ಕಾಳಜಿಯನ್ನು ಬೆಳೆಸುತ್ತದೆ. ಆದರೆ ಹೊಸದಾಗಿ ಸ್ಥಾಪಿಸಿದ ಅಕ್ವೇರಿಯಂಗಳಲ್ಲಿ ಮೊದಲ ಒಂದೆರಡು ತಿಂಗಳೊಳಗೆ ಮೀನುಗಳು ಒಂದೊಂದಾಗಿ ಸಾಯುವುದು ಸಾಮಾನ್ಯವಾಗಿ ಕಂಡುಬರುವ ಸಮಸ್ಯೆಯಾಗಿದೆ. ಮನೆಗೆ ಬರಬೇಕಾಗಿದ್ದ ಕಂಟಕವನ್ನು ಮೀನು ತಾನು ತೆಗೆದುಕೊಂಡು ಹೋಯಿತೆಂದು ಭಾವಿಸಿ, ಅದೇ ನೀರಿಗೆ ಮತ್ತೆ ಹೊಸ ಮೀನುಗಳನ್ನು ತಂದು ಬಿಡುವ ರೂಢಿಯೂ ಉಂಟು. ಇದರಿಂದ ಸಾವಿನ ನಿಜವಾದ ಕಾರಣವು ಪತ್ತೆಯಾಗದೆ ಉಳಿಯುತ್ತದೆ.

ಹೊಸ ತೊಟ್ಟಿಗಳಲ್ಲಿ ಸಂಭವಿಸುವ ಸಾವಿಗೆ ಬಹುತೇಕ ಸಂದರ್ಭಗಳಲ್ಲಿ ಕಾರಣವಾಗುವುದು ನೀರಿನಲ್ಲಿ ಸಂಗ್ರಹವಾಗುವ ಅಮೋನಿಯ. ಇದು ಕಣ್ಣಿಗೆ ಕಾಣುವುದಿಲ್ಲ. ನೀರು ತಿಳಿಯಾಗಿದ್ದರೂ ಅದರಲ್ಲಿ ಇರಬಹುದು. ಆದ್ದರಿಂದ ಅಕ್ವೇರಿಯಂ ಪಾಲನೆಯೆಂದರೆ ಮೊದಲು ನೀರಿನ ಪಾಲನೆ, ನಂತರ ಮೀನಿನ ಪಾಲನೆ ಎಂಬುದನ್ನು ಸಾರ್ವಜನಿಕರು ಮನಗಾಣಬೇಕು. ಅನುಸರಿಸಬೇಕಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ತೊಟ್ಟಿಯ ಆಯ್ಕೆ

ಸಣ್ಣ ತೊಟ್ಟಿಯ ನಿರ್ವಹಣೆ ಸುಲಭವೆಂಬುದು ತಪ್ಪು ಕಲ್ಪನೆ. ನೀರಿನ ಪ್ರಮಾಣ ಕಡಿಮೆಯಾದಷ್ಟೂ ಅದು ಬೇಗನೆ ಕಲುಷಿತಗೊಳ್ಳುತ್ತದೆ ಹಾಗೂ ಅದರ ಉಷ್ಣಾಂಶವು ಬೇಗನೆ ಏರಿಳಿಯುತ್ತದೆ. ದುಂಡನೆಯ ಗಾಜಿನ ಬೋಗುಣಿಗಳಲ್ಲಿ ಫಿಲ್ಟರ್ ಅಳವಡಿಸಲು ಸ್ಥಳವಿರುವುದಿಲ್ಲವಾದ್ದರಿಂದ ಅವು ಮೀನು ಸಾಕಣೆಗೆ ಸೂಕ್ತವಲ್ಲ.

ಹೊಸದಾಗಿ ಆರಂಭಿಸುವವರು 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಹಾಗೂ 30 ಸೆಂ.ಮೀ. ಎತ್ತರದ ತೊಟ್ಟಿಯನ್ನು ಆರಿಸಿಕೊಳ್ಳಬಹುದು. ಇದರ ಒಟ್ಟು ಧಾರಣಶಕ್ತಿ 54 ಲೀಟರ್. ತಳಕ್ಕೆ ಜಲ್ಲಿ ಹರಡಿ, ಮೇಲ್ಭಾಗದಲ್ಲಿ ಸ್ವಲ್ಪ ಸ್ಥಳ ಬಿಟ್ಟಾಗ ಅದರಲ್ಲಿ ಸುಮಾರು 45 ಲೀಟರ್ ನೀರು ಹಿಡಿಯುತ್ತದೆ. ಮುಂದೆ ತಿಳಿಸಲಾಗಿರುವ ಲೆಕ್ಕಗಳು ಈ ಅಳತೆಯ ತೊಟ್ಟಿಗೆ ಅನ್ವಯಿಸುತ್ತವೆ.

ತೊಟ್ಟಿಯನ್ನು ತಂದ ಕೂಡಲೇ ನೀರು ತುಂಬಿಸಿ, 24 ಗಂಟೆಗಳ ಕಾಲ ಸೋರಿಕೆಯನ್ನು ಪರೀಕ್ಷಿಸುವುದು. ಸಾಬೂನು ಅಥವಾ ಮಾರ್ಜಕ ಪುಡಿಯಿಂದ ತೊಟ್ಟಿಯನ್ನು ತೊಳೆಯಬಾರದು. ಅದರ ಅಂಶವು ಉಳಿದಲ್ಲಿ ಮೀನಿನ ಕಿವಿರುಗಳಿಗೆ ಹಾನಿಯಾಗುತ್ತದೆ.

2. ಸ್ಥಳದ ಆಯ್ಕೆ

ಮೇಲ್ಕಂಡ ತೊಟ್ಟಿಯು ನೀರು, ಗಾಜು ಮತ್ತು ಜಲ್ಲಿ ಸೇರಿ 60 ಕಿಲೋಗ್ರಾಂಗೂ ಮಿಗಿಲಾದ ತೂಕವನ್ನು ಹೊಂದುತ್ತದೆ. ತುಂಬಿದ ತೊಟ್ಟಿಯನ್ನು ಸ್ಥಳಾಂತರಿಸಲು ಸಾಧ್ಯವಿಲ್ಲದ ಕಾರಣ ಸ್ಥಳವನ್ನು ಮುಂಚಿತವಾಗಿಯೇ ನಿರ್ಧರಿಸುವುದು ಅವಶ್ಯಕ.

ಅ) ಮೇಜು ಅಥವಾ ಸ್ಟ್ಯಾಂಡ್ ಸಮತಟ್ಟಾಗಿದ್ದು ಭಾರವನ್ನು ತಾಳುವಂತಿರಬೇಕು. ತೊಟ್ಟಿಯ ಅಡಿಯಲ್ಲಿ ಥರ್ಮಾಕೋಲ್ ಹಾಳೆಯನ್ನು ಇರಿಸಿದಲ್ಲಿ ಭಾರವು ಸಮನಾಗಿ ಹಂಚಿಹೋಗಿ ಗಾಜು ಬಿರುಕು ಬಿಡುವ ಸಂಭವ ಕಡಿಮೆಯಾಗುತ್ತದೆ.

ಆ) ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇರಿಸಬಾರದು. ಬಿಸಿಲಿನಿಂದ ನೀರು ಕಾಯುವುದಲ್ಲದೆ ಪಾಚಿ ಹೆಚ್ಚುತ್ತದೆ.

ಇ) ಅಡುಗೆಮನೆಯ ಒಗ್ಗರಣೆ ಹೊಗೆ, ದೇವರ ಕೋಣೆಯ ಊದುಬತ್ತಿಯ ಹೊಗೆ ಮತ್ತು ಸೊಳ್ಳೆಬತ್ತಿಯಿಂದ ದೂರವಿರಿಸುವುದು. ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ಹಾಯಿಸುತ್ತದೆ. ಜಿರಳೆ, ಸೊಳ್ಳೆಗಳ ನಾಶಕ್ಕೆ ಔಷಧ ಸಿಂಪಡಿಸುವ ಮುನ್ನ ತೊಟ್ಟಿಯನ್ನು ಮುಚ್ಚಿ, ಏರ್ ಪಂಪನ್ನು ನಿಲ್ಲಿಸಿ, ವಾಸನೆ ಹೋದ ಕೂಡಲೇ ಮತ್ತೆ ಚಾಲನೆ ಮಾಡುವುದು.

ಈ) ವಿದ್ಯುತ್ ತಂತಿಯು ಪ್ಲಗ್‌ಗಿಂತ ಕೆಳಗೆ ಇಳಿದು ನಂತರ ಮೇಲೇರುವಂತೆ ಜೋಡಿಸುವುದು. ಇದರಿಂದ ತಂತಿಯ ಮೂಲಕ ಹರಿದ ನೀರು ಪ್ಲಗ್ ತಲುಪದೆ ಕೆಳಗೆ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮುನ್ನ ಎಲ್ಲ ಉಪಕರಣಗಳ ವಿದ್ಯುತ್ ಸಂಪರ್ಕವನ್ನು ಕಡ್ಡಾಯವಾಗಿ ನಿಲ್ಲಿಸತಕ್ಕದ್ದು.

3. ಅಗತ್ಯ ಉಪಕರಣಗಳು

ಫಿಲ್ಟರ್: ಆರಂಭಿಕರಿಗೆ ಏರ್ ಪಂಪಿನಿಂದ ನಡೆಯುವ ಸ್ಪಂಜು ಫಿಲ್ಟರ್ ಸಾಕಾಗುತ್ತದೆ. ಇದು ಕಡಿಮೆ ಬೆಲೆಗೆ ದೊರೆಯುವುದಲ್ಲದೆ, ಕಸವನ್ನು ಹಿಡಿದಿಡುವ, ಉಪಯುಕ್ತ ಸೂಕ್ಷ್ಮಾಣುಗಳಿಗೆ ನೆಲೆ ಒದಗಿಸುವ ಹಾಗೂ ನೀರಿಗೆ ಗಾಳಿ ಬೆರೆಸುವ ಮೂರೂ ಕೆಲಸಗಳನ್ನು ನಿರ್ವಹಿಸುತ್ತದೆ. ಫಿಲ್ಟರ್ ಹಗಲಿರುಳೂ ನಡೆಯುತ್ತಿರಬೇಕು. ಮಲಗುವ ವೇಳೆಯಲ್ಲಿ ಶಬ್ದವಾಗುತ್ತದೆಂದು ನಿಲ್ಲಿಸುವುದು ಸರಿಯಲ್ಲ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇರಿಸಬೇಕು. ಇಲ್ಲವಾದಲ್ಲಿ ವಿದ್ಯುತ್ ನಿಂತಾಗ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಪಂಪಿಗೆ ನುಗ್ಗಬಹುದು.

ದೀಪ: ದಿನಕ್ಕೆ 6 ರಿಂದ 8 ಗಂಟೆಗಳ ಬೆಳಕು ಸಾಕು. ರಾತ್ರಿಯಿಡೀ ದೀಪ ಉರಿಸಿದಲ್ಲಿ ಮೀನುಗಳಿಗೆ ವಿಶ್ರಾಂತಿ ದೊರೆಯುವುದಿಲ್ಲ, ಪಾಚಿಯೂ ಬೆಳೆಯುತ್ತದೆ.

ಉಷ್ಣಮಾಪಕ ಮತ್ತು ಹೀಟರ್: ಉಷ್ಣವಲಯದ ಮೀನುಗಳಿಗೆ 24 ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಸೂಕ್ತ. ಕರಾವಳಿಯಲ್ಲಿ ಹೀಟರ್‌ನ ಅಗತ್ಯ ಬೀಳುವುದು ವಿರಳ. ಕೊಡಗು, ಚಿಕ್ಕಮಗಳೂರು, ಬೆಂಗಳೂರು ಮುಂತಾದೆಡೆ ಚಳಿಗಾಲದಲ್ಲಿ ಬೇಕಾಗಬಹುದು. ಪ್ರತಿ ಲೀಟರಿಗೆ ಸುಮಾರು 1 ವ್ಯಾಟ್ ಸಾಮರ್ಥ್ಯದ ಹೀಟರ್ ಸಾಕಾಗುತ್ತದೆ.

ಜಲ್ಲಿ: 3 ರಿಂದ 5 ಸೆಂ.ಮೀ. ದಪ್ಪದ ಪದರ ಸಾಕು. ಬಣ್ಣ ಬಿಡುವ ಕಲ್ಲುಗಳನ್ನು ಬಳಸಬಾರದು. ಕಡಲತೀರದ ಚಿಪ್ಪು ಮತ್ತು ಹವಳದ ತುಂಡುಗಳು ನೀರಿನ ಗಡಸುತನವನ್ನು ಹೆಚ್ಚಿಸುತ್ತವೆ.

4. ನೀರು

ನಗರಗಳಲ್ಲಿ ಕೊಳಾಯಿ ಮೂಲಕ ಸರಬರಾಜಾಗುವ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಇದು ಕುಡಿಯುವವರಿಗೆ ಸುರಕ್ಷಿತವಾದರೂ ಮೀನಿನ ಕಿವಿರುಗಳನ್ನು ಹಾಗೂ ಫಿಲ್ಟರ್‌ನಲ್ಲಿರುವ ಉಪಯುಕ್ತ ಸೂಕ್ಷ್ಮಾಣುಗಳನ್ನು ನಾಶಪಡಿಸುತ್ತದೆ. ಆದ್ದರಿಂದ ಕೊಳಾಯಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಕನಿಷ್ಠ 24 ಗಂಟೆ ತೆರೆದಿಟ್ಟು ಬಳಸುವುದು, ಅಥವಾ ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಆಂಟಿ ಕ್ಲೋರಿನ್ ದ್ರಾವಣವನ್ನು ಸೂಚಿಸಿದ ಪ್ರಮಾಣದಲ್ಲಿ ಬೆರೆಸುವುದು.

ಕೊಳವೆಬಾವಿ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರುವುದಿಲ್ಲವಾದರೂ ಅನೇಕ ಕಡೆ ಗಡಸುತನ ಹೆಚ್ಚಿರುತ್ತದೆ. ಗಪ್ಪಿ, ಮೋಲಿ, ಪ್ಲಾಟಿ ಮೀನುಗಳು ಗಡಸು ನೀರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಡಿಸ್ಕಸ್ ಹಾಗೂ ಕೆಲವು ಟೆಟ್ರಾ ಜಾತಿಗಳಿಗೆ ಮೃದು ನೀರು ಬೇಕು. ಮನೆಯಲ್ಲಿ ಲಭ್ಯವಿರುವ ನೀರಿಗೆ ತಕ್ಕ ಮೀನನ್ನು ಆರಿಸಿಕೊಳ್ಳುವುದು, ಮೀನಿಗೆ ತಕ್ಕಂತೆ ನೀರನ್ನು ಬದಲಾಯಿಸುವುದಕ್ಕಿಂತ ಸುಲಭ ಹಾಗೂ ಸುರಕ್ಷಿತ. ಆರ್.ಓ. ಯಂತ್ರದ ನೀರಿನಲ್ಲಿ ಖನಿಜಾಂಶಗಳು ತೀರಾ ಕಡಿಮೆಯಿರುವುದರಿಂದ ಅದನ್ನೊಂದನ್ನೇ ಬಳಸಬಾರದು.

5. ನೀರು ಹದಗೊಳ್ಳುವ ಅವಧಿ

ಅಕ್ವೇರಿಯಂ ಸ್ಥಾಪನೆಯಲ್ಲಿ ಇದು ಅತ್ಯಂತ ಮುಖ್ಯವಾದ ಹಂತವಾಗಿದ್ದು, ಹೆಚ್ಚಿನವರು ಕಡೆಗಣಿಸುವುದೂ ಇದನ್ನೇ.

ಮೀನುಗಳು ಕಿವಿರುಗಳ ಮೂಲಕ ಅಮೋನಿಯವನ್ನು ವಿಸರ್ಜಿಸುತ್ತವೆ. ಮಲ ಹಾಗೂ ಉಳಿದ ಆಹಾರ ಕೊಳೆತಾಗಲೂ ಅಮೋನಿಯ ಉತ್ಪತ್ತಿಯಾಗುತ್ತದೆ. ಕೆರೆ ಅಥವಾ ಹೊಳೆಯಲ್ಲಿ ಇದು ಅಪಾರ ನೀರಿನಲ್ಲಿ ಹಂಚಿಹೋಗುತ್ತದೆ, ತೊಟ್ಟಿಯಲ್ಲಿ ಹಾಗಾಗುವುದಿಲ್ಲ. ಫಿಲ್ಟರ್ ಹಾಗೂ ಜಲ್ಲಿಯಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ. ನೈಟ್ರೈಟ್ ಕೂಡ ವಿಷಕಾರಿ. ಅದು ಮೀನಿನ ರಕ್ತವು ಆಮ್ಲಜನಕವನ್ನು ಸಾಗಿಸದಂತೆ ಮಾಡುತ್ತದೆ. ಮತ್ತೊಂದು ಬಗೆಯ ಬ್ಯಾಕ್ಟೀರಿಯಗಳು ಈ ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಕಡಿಮೆ ಪ್ರಮಾಣದಲ್ಲಿ ಅಪಾಯಕಾರಿಯಲ್ಲ. ವಾರಕ್ಕೊಮ್ಮೆ ನೀರು ಬದಲಿಸುವುದರಿಂದ ಅದನ್ನು ಹತೋಟಿಯಲ್ಲಿಡಬಹುದು.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ಸಾಕಷ್ಟು ಪ್ರಮಾಣದಲ್ಲಿ ಇರುವುದಿಲ್ಲ. ಅವು ಬೆಳೆದು ನೆಲೆಗೊಳ್ಳಲು ಸಾಮಾನ್ಯವಾಗಿ 4 ರಿಂದ 6 ವಾರಗಳು ಬೇಕು. ತೊಟ್ಟಿ ತಂದ ದಿನವೇ ಹತ್ತಾರು ಮೀನುಗಳನ್ನು ಬಿಟ್ಟಲ್ಲಿ ಅವು ತಮ್ಮದೇ ಅಮೋನಿಯದಲ್ಲಿ ಉಸಿರಾಡಬೇಕಾಗುತ್ತದೆ. ಇದಲ್ಲದೆ ನೀರಿನ ಪಿ.ಎಚ್. 7 ಇರುವುದಕ್ಕೆ ಹೋಲಿಸಿದಲ್ಲಿ, ಪಿ.ಎಚ್. 8 ಇರುವ ನೀರಿನಲ್ಲಿ ಅಷ್ಟೇ ಅಮೋನಿಯದ ವಿಷಕಾರಿ ಭಾಗವು ಸುಮಾರು 10 ಪಟ್ಟು ಹೆಚ್ಚಿರುತ್ತದೆ. ಕ್ಷಾರಗುಣದ ಕೊಳವೆಬಾವಿ ನೀರನ್ನು ಬಳಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ಅನುಸರಿಸಬೇಕಾದ ವಿಧಾನ:

ಅ) ತೊಟ್ಟಿಗೆ ನೀರು ತುಂಬಿಸಿ, ಫಿಲ್ಟರ್ ಚಾಲನೆ ಮಾಡಿ, ಮೀನು ಬಿಡದೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುವುದು. ಅದು ಕೊಳೆತು ಉಂಟಾಗುವ ಅಮೋನಿಯವು ಬ್ಯಾಕ್ಟೀರಿಯಗಳಿಗೆ ಆಹಾರವಾಗುತ್ತದೆ.

ಆ) ಪರಿಚಯದವರ ಮನೆಯಲ್ಲಿ ಹಳೆಯ, ರೋಗರಹಿತ ಅಕ್ವೇರಿಯಂ ಇದ್ದಲ್ಲಿ ಅದರ ಫಿಲ್ಟರ್ ಸ್ಪಂಜಿನ ತುಂಡನ್ನು ಒದ್ದೆಯಾಗಿಯೇ ತಂದು ಹೊಸ ಫಿಲ್ಟರ್ ಬಳಿ ಇರಿಸುವುದು. ಮೊಸರಿಗೆ ಹೆಪ್ಪು ಹಾಕಿದಂತೆ ಇದು ಕೆಲಸ ಮಾಡುತ್ತದೆ ಹಾಗೂ ಅವಧಿಯು ಗಣನೀಯವಾಗಿ ಕಡಿಮೆಯಾಗುತ್ತದೆ.

ಇ) ಮೊದಲ ವಾರಗಳಲ್ಲಿ ನೀರು ಹಾಲು ಬೆರೆಸಿದಂತೆ ಮಸುಕಾಗುವುದುಂಟು. ಇದಕ್ಕಾಗಿ ನೀರನ್ನು ಪೂರ್ತಿ ಚೆಲ್ಲಿ ಮತ್ತೆ ತುಂಬಿಸುವ ಅಗತ್ಯವಿಲ್ಲ. ಕೆಲವು ದಿನಗಳಲ್ಲಿ ಅದು ತಾನಾಗಿಯೇ ತಿಳಿಯಾಗುತ್ತದೆ.

ಈ) ಪರೀಕ್ಷಾ ಕಿಟ್‌ನಿಂದ ಪರೀಕ್ಷಿಸಿದಾಗ ಅಮೋನಿಯ ಮತ್ತು ನೈಟ್ರೈಟ್ ಎರಡೂ ಮೊದಲು ಏರಿ, ನಂತರ ಸೊನ್ನೆಗೆ ಇಳಿದು, ನೈಟ್ರೇಟ್ ಕಾಣಿಸಿಕೊಂಡಲ್ಲಿ ನೀರು ಹದಗೊಂಡಿದೆ ಎಂದು ತಿಳಿಯುವುದು. ಕಿಟ್ ಇಲ್ಲದವರು ಕನಿಷ್ಠ 6 ವಾರ ಕಾಯುವುದು ಸೂಕ್ತ.

6. ಮೀನುಗಳ ಆಯ್ಕೆ

ಸಣ್ಣ ಜಾತಿಯ ಮೀನುಗಳಿಗೆ, ಅವು ಪೂರ್ಣ ಬೆಳೆದಾಗಿನ ಉದ್ದದ ಪ್ರತಿ 1 ಸೆಂ.ಮೀ.ಗೆ ಕನಿಷ್ಠ 2 ಲೀಟರ್ ನೀರು ಎಂಬ ಲೆಕ್ಕವನ್ನು ಅನುಸರಿಸಬಹುದು. ಅದರಂತೆ 45 ಲೀಟರ್ ನೀರಿನಲ್ಲಿ ಸುಮಾರು 3.5 ಸೆಂ.ಮೀ. ಉದ್ದದ 6 ಮೀನುಗಳನ್ನು ನಿಶ್ಚಿಂತೆಯಿಂದ ಸಾಕಬಹುದು. ದೊಡ್ಡ ದೇಹದ ಮೀನುಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಆರಂಭಿಕರಿಗೆ ಸೂಕ್ತವಾದವು: ಗಪ್ಪಿ, ಪ್ಲಾಟಿ, ಜೀಬ್ರಾ ಡೇನಿಯೋ. ಜೀಬ್ರಾ ಡೇನಿಯೋ ಭಾರತದ್ದೇ ಮೀನಾಗಿದ್ದು ಗುಂಪಿನಲ್ಲಿ ವಾಸಿಸುತ್ತದೆ. ಆರಕ್ಕಿಂತ ಕಡಿಮೆ ಇರಿಸಬಾರದು. ಗಪ್ಪಿ ಹಾಗೂ ಪ್ಲಾಟಿಗಳು ಮರಿ ಹಾಕುವ ಮೀನುಗಳು. ಗಂಡು ಹೆಣ್ಣು ಎರಡನ್ನೂ ತಂದಲ್ಲಿ ಸಂಖ್ಯೆ ಶೀಘ್ರವಾಗಿ ಹೆಚ್ಚುವುದರಿಂದ ಗಂಡುಗಳನ್ನು ಮಾತ್ರ ಸಾಕುವುದು ಸೂಕ್ತ.

ಎಚ್ಚರಿಕೆಯಿಂದ ಆರಿಸಬೇಕಾದವು:

ಅ) ಗೋಲ್ಡ್ ಫಿಷ್ 15 ರಿಂದ 20 ಸೆಂ.ಮೀ. ಹಾಗೂ ಅದಕ್ಕೂ ಹೆಚ್ಚು ಬೆಳೆಯಬಲ್ಲದು ಮತ್ತು ಬಹಳ ತ್ಯಾಜ್ಯವನ್ನು ಹೊರಹಾಕುತ್ತದೆ. ಇದು ತಂಪು ನೀರಿನ ಮೀನಾದ್ದರಿಂದ ಉಷ್ಣವಲಯದ ಮೀನುಗಳೊಂದಿಗೆ ಬೆರೆಸಬಾರದು.

ಆ) ಫೈಟರ್ ಗಂಡು ಮೀನುಗಳು ಪರಸ್ಪರ ಕಾದಾಡಿ ಸಾಯುತ್ತವೆ. ಒಂದು ತೊಟ್ಟಿಗೆ ಒಂದೇ ಗಂಡು ಇರಬೇಕು.

ಇ) ತೊಟ್ಟಿ ಶುಚಿಗೊಳಿಸುತ್ತದೆಂದು ಮಾರಾಟವಾಗುವ ಸಕ್ಕರ್ ಮೀನು 40 ಸೆಂ.ಮೀ.ಗೂ ಮಿಗಿಲಾಗಿ ಬೆಳೆಯುತ್ತದೆ. ಅದು ಶುಚಿಗೊಳಿಸುವುದಕ್ಕಿಂತ ಹೆಚ್ಚು ಮಲಿನಗೊಳಿಸುತ್ತದೆ.

ಈ) ಆಸ್ಕರ್, ಅರೋವಾನಾ, ಕೆಂಪುಬಾಲದ ಕ್ಯಾಟ್ ಫಿಷ್ ಮರಿಗಳಾಗಿದ್ದಾಗ ಚಿಕ್ಕವಾಗಿ ಕಂಡರೂ ಮನೆಯ ತೊಟ್ಟಿಯನ್ನು ಮೀರಿ ಬೆಳೆಯುತ್ತವೆ.

ಉ) ದೇಹಕ್ಕೆ ಸೂಜಿಯಿಂದ ಬಣ್ಣ ತುಂಬಿದ ಗಾಜುಮೀನುಗಳನ್ನು ಖರೀದಿಸಬಾರದು. ಬಣ್ಣವು ಕೆಲಕಾಲದಲ್ಲಿ ಮಾಸುತ್ತದೆ. ಗಾಯದಿಂದ ಮೀನು ರೋಗಕ್ಕೆ ತುತ್ತಾಗುತ್ತದೆ.

7. ಮೀನುಗಳನ್ನು ತರುವುದು ಮತ್ತು ಬಿಡುವುದು

ರೆಕ್ಕೆ ಮಡಚಿಕೊಂಡಿರುವ, ಮೇಲ್ಮೈಯಲ್ಲಿ ಬಾಯಿ ತೆರೆದು ಏದುಸಿರು ಬಿಡುವ ಅಥವಾ ಮೈಮೇಲೆ ಬಿಳಿ ಚುಕ್ಕೆಗಳಿರುವ ಮೀನನ್ನು ಕೊಳ್ಳಬಾರದು. ಅದೇ ತೊಟ್ಟಿಯಲ್ಲಿ ಸತ್ತ ಮೀನು ಕಂಡುಬಂದಲ್ಲಿ ಉಳಿದ ಮೀನುಗಳನ್ನೂ ಕೊಳ್ಳದಿರುವುದು ಒಳ್ಳೆಯದು.

ಒಂದು ಬಾರಿಗೆ ಎರಡು ಅಥವಾ ಮೂರು ಮೀನುಗಳನ್ನು ಮಾತ್ರ ತಂದು, ಎರಡು ವಾರಗಳ ನಂತರ ಮುಂದಿನವುಗಳನ್ನು ಸೇರಿಸುವುದು. ಗುಂಪಿನ ಮೀನುಗಳಾದಲ್ಲಿ ಗುಂಪನ್ನು ಒಟ್ಟಿಗೆ ತಂದು ಮೊದಲ ವಾರಗಳಲ್ಲಿ ಆಹಾರವನ್ನು ಕಡಿಮೆ ಮಾಡುವುದು. ಮೀನಿರುವ ಪ್ಲಾಸ್ಟಿಕ್ ಚೀಲವನ್ನು ತೊಟ್ಟಿಯ ನೀರಿನಲ್ಲಿ 15 ರಿಂದ 20 ನಿಮಿಷ ತೇಲಿಬಿಡುವುದು. ಆನಂತರ ಚೀಲವನ್ನು ತೆರೆದು ಸುಮಾರು ಅರ್ಧ ಗಂಟೆಯ ಅವಧಿಯಲ್ಲಿ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಅದಕ್ಕೆ ಬೆರೆಸಿ, ಬಲೆಯಿಂದ ಮೀನನ್ನು ಮಾತ್ರ ತೊಟ್ಟಿಗೆ ಬಿಡುವುದು. ಅಂಗಡಿಯ ನೀರನ್ನು ತೊಟ್ಟಿಗೆ ಸುರಿಯಬಾರದು. ಈಗಾಗಲೇ ಮೀನುಗಳಿರುವ ತೊಟ್ಟಿಗೆ ಹೊಸ ಮೀನನ್ನು ಸೇರಿಸುವ ಮುನ್ನ ಎರಡು ವಾರ ಪ್ರತ್ಯೇಕವಾಗಿ ಇರಿಸಿ ಗಮನಿಸುವುದು ಉತ್ತಮ.

8. ಆಹಾರ

ದಿನಕ್ಕೆ ಒಂದು ಅಥವಾ ಎರಡು ಬಾರಿ, ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕುವುದು. ಮನೆಯ ಪ್ರತಿಯೊಬ್ಬರೂ ತಮಗೆ ತೋಚಿದಾಗ ಆಹಾರ ಹಾಕುವುದರಿಂದ ನೀರು ಕೆಡುತ್ತದೆ. ಆದ್ದರಿಂದ ಈ ಜವಾಬ್ದಾರಿಯನ್ನು ಒಬ್ಬರಿಗೇ ವಹಿಸುವುದು. ಅನ್ನ, ಬ್ರೆಡ್, ಬಿಸ್ಕತ್ತುಗಳನ್ನು ಹಾಕಬಾರದು. ವಾರಕ್ಕೊಂದು ದಿನ ಆಹಾರ ನೀಡದಿದ್ದರೂ ತೊಂದರೆಯಿಲ್ಲ. ಎರಡು ಮೂರು ದಿನ ಊರಿಗೆ ಹೋಗುವವರು ಒಟ್ಟಿಗೆ ಹೆಚ್ಚು ಆಹಾರ ಸುರಿದು ಹೋಗುವುದಕ್ಕಿಂತ ಏನನ್ನೂ ಹಾಕದೆ ಹೋಗುವುದೇ ಕ್ಷೇಮ.

9. ನಿಯತ ನಿರ್ವಹಣೆ

ಪ್ರತಿದಿನ: ಮೀನುಗಳನ್ನು ಎಣಿಸುವುದು, ಅವುಗಳ ಚಲನವಲನ, ಉಷ್ಣಾಂಶ ಹಾಗೂ ಫಿಲ್ಟರ್ ಕಾರ್ಯವನ್ನು ಗಮನಿಸುವುದು. ಸತ್ತ ಮೀನನ್ನು ಕೂಡಲೇ ತೆಗೆಯುವುದು.

ಪ್ರತಿ ವಾರ: ಶೇ. 20 ರಿಂದ 25ರಷ್ಟು ನೀರನ್ನು, ಅಂದರೆ 9 ರಿಂದ 11 ಲೀಟರ್ ನೀರನ್ನು, ತಳದ ಕಸದೊಂದಿಗೆ ಕೊಳವೆಯಿಂದ ಹೀರಿ ತೆಗೆದು, ಕ್ಲೋರಿನ್ ರಹಿತವಾದ, ಅದೇ ಉಷ್ಣಾಂಶದ ನೀರನ್ನು ನಿಧಾನವಾಗಿ ತುಂಬಿಸುವುದು. ಹೊರತೆಗೆದ ನೀರನ್ನು ಹೂಕುಂಡಗಳಿಗೆ ಹಾಕಬಹುದು. ಉಪ್ಪು ಅಥವಾ ಔಷಧ ಬೆರೆಸಿದ್ದಲ್ಲಿ ಹಾಕಬಾರದು.

ಪ್ರತಿ ತಿಂಗಳು: ಹೊರತೆಗೆದ ತೊಟ್ಟಿಯ ನೀರಿನಲ್ಲಿಯೇ ಫಿಲ್ಟರ್ ಸ್ಪಂಜನ್ನು ಒಂದೆರಡು ಬಾರಿ ಹಿಂಡುವುದು. ಅದನ್ನು ಕೊಳಾಯಿಯ ಕೆಳಗೆ ಹಿಡಿದು ಬೆಳ್ಳಗಾಗುವಂತೆ ತೊಳೆಯಬಾರದು.

ಮೀನುಗಳನ್ನು ಬಕೆಟ್ಟಿಗೆ ವರ್ಗಾಯಿಸಿ, ತೊಟ್ಟಿ, ಜಲ್ಲಿ, ಫಿಲ್ಟರ್ ಎಲ್ಲವನ್ನೂ ಉಜ್ಜಿ ತೊಳೆದು, ಹೊಸ ನೀರು ತುಂಬಿಸುವುದು ಬಹಳಷ್ಟು ಮನೆಗಳಲ್ಲಿ ರೂಢಿಯಲ್ಲಿದೆ. ವಾರಗಟ್ಟಲೆ ಕಾಲ ಬೆಳೆದ ಬ್ಯಾಕ್ಟೀರಿಯಗಳು ಇದರಿಂದ ನಾಶವಾಗಿ ತೊಟ್ಟಿಯು ಮತ್ತೆ ಮೊದಲ ದಿನದ ಸ್ಥಿತಿಗೆ ಮರಳುತ್ತದೆ. ತೊಳೆದ ಕೆಲವೇ ದಿನಗಳಲ್ಲಿ ಮೀನುಗಳು ಸಾಯುವುದಕ್ಕೆ ಇದೇ ಪ್ರಮುಖ ಕಾರಣ.

10. ಬೇಸಿಗೆ ಮತ್ತು ವಿದ್ಯುತ್ ನಿಲುಗಡೆ

ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಲೀಟರ್ ನೀರು ಸುಮಾರು 8.3 ಮಿ.ಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 32 ಡಿಗ್ರಿಯಲ್ಲಿ ಇದು ಸುಮಾರು 7.3 ಮಿ.ಗ್ರಾಂಗೆ ಇಳಿಯುತ್ತದೆ. ಅದೇ ವೇಳೆ ಮೀನಿನ ಆಮ್ಲಜನಕದ ಅಗತ್ಯ ಹೆಚ್ಚುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಮುಂತಾದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಮೀನುಗಳ ಸಂಖ್ಯೆಯನ್ನು ಮಿತವಾಗಿಡುವುದು, ತೊಟ್ಟಿಯ ಮುಚ್ಚಳ ತೆರೆದು ಬಲೆ ಹೊದಿಸುವುದು ಹಾಗೂ ನೀರಿನ ಮೇಲ್ಮೈಗೆ ಫ್ಯಾನ್ ಗಾಳಿ ತಾಗುವಂತೆ ಮಾಡುವುದು ಸಹಾಯಕ. ಮಂಜುಗಡ್ಡೆಯನ್ನು ನೇರವಾಗಿ ಹಾಕಬಾರದು.

ವಿದ್ಯುತ್ ನಿಲುಗಡೆಯ ಸಮಯದಲ್ಲಿ ಆಹಾರ ಹಾಕಬಾರದು. ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಇರಿಸಿಕೊಳ್ಳುವುದು ಉತ್ತಮ. ಇಲ್ಲದಿದ್ದಲ್ಲಿ ಆಗಾಗ್ಗೆ ಲೋಟದಿಂದ ನೀರನ್ನು ಎತ್ತಿ ಸ್ವಲ್ಪ ಎತ್ತರದಿಂದ ತೊಟ್ಟಿಗೇ ಸುರಿಯುವುದು.

11. ರೋಗಗಳು

ಯಾವುದೇ ರೋಗಲಕ್ಷಣ ಕಂಡಾಗ ಮೊದಲು ನೀರನ್ನು ಪರೀಕ್ಷಿಸಿ, ಶೇ. 25ರಷ್ಟು ನೀರು ಬದಲಿಸುವುದು. ಮೈಮೇಲೆ ರವೆಯಂತಹ ಬಿಳಿ ಚುಕ್ಕೆಗಳು ಕಾಣುವುದು ಪರೋಪಜೀವಿಯಿಂದ ಬರುವ ಬಿಳಿ ಚುಕ್ಕೆ ರೋಗ. ಉಷ್ಣವಲಯದ ಮೀನುಗಳಾದಲ್ಲಿ ಉಷ್ಣಾಂಶವನ್ನು ಎರಡು ದಿನಗಳಲ್ಲಿ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಗಾಳಿ ಹೆಚ್ಚಿಸಿ, ಪ್ರತಿ ಲೀಟರಿಗೆ 1 ರಿಂದ 2 ಗ್ರಾಂ ಕಲ್ಲುಪ್ಪನ್ನು ಕರಗಿಸಿ ಹಂತಹಂತವಾಗಿ ಸೇರಿಸುವುದು ಉಪಯುಕ್ತ. ಜೀವಂತ ಸಸ್ಯಗಳು ಹಾಗೂ ಹುರುಪೆಯಿಲ್ಲದ ಮೀನುಗಳು ಉಪ್ಪನ್ನು ತಾಳಲಾರವು. ರೆಕ್ಕೆ ಕೊಳೆಯುವಿಕೆಯು ಹೆಚ್ಚಾಗಿ ಮಲಿನ ನೀರಿನ ಪರಿಣಾಮ. ಮನುಷ್ಯರಿಗಾಗಿ ಇರುವ ಆಂಟಿಬಯಾಟಿಕ್ ಗುಳಿಗೆಗಳನ್ನು ಒಡೆದು ನೀರಿಗೆ ಹಾಕಬಾರದು. ಫಿಲ್ಟರ್‌ನ ಉಪಯುಕ್ತ ಬ್ಯಾಕ್ಟೀರಿಯಗಳೂ ಅದರಿಂದ ಸಾಯಬಹುದು.

12. ಕೆರೆ, ಬಾವಿ, ಹೊಳೆಗಳಿಗೆ ಬಿಡಬಾರದು

ಸಾಕಲು ಸಾಧ್ಯವಾಗದ ಮೀನುಗಳನ್ನು ಕೆರೆಗೆ ಬಿಡುವುದು ಪುಣ್ಯದ ಕೆಲಸವೆಂದು ಅನೇಕರು ಭಾವಿಸುತ್ತಾರೆ. ಆದರೆ ಹೀಗೆ ನೀರು ಸೇರಿದ ಸಕ್ಕರ್ ಮೀನು ದೇಶದ ಹಲವು ಜಲಮೂಲಗಳಲ್ಲಿ ನೆಲೆಯೂರಿದೆ. ಅದು ದಡಗಳಲ್ಲಿ ಬಿಲ ಕೊರೆಯುತ್ತದೆ, ಮೀನುಗಾರರ ಬಲೆಗಳನ್ನು ಹರಿಯುತ್ತದೆ ಹಾಗೂ ಸ್ಥಳೀಯ ಮೀನುಗಳ ಆಹಾರ ಮತ್ತು ನೆಲೆಯನ್ನು ಕಸಿಯುತ್ತದೆ. ಬೇಡವಾದ ಮೀನುಗಳನ್ನು ಅಂಗಡಿಗೆ ಹಿಂತಿರುಗಿಸುವುದು ಅಥವಾ ಬೇರೆ ಹವ್ಯಾಸಿಗಳಿಗೆ ನೀಡುವುದು. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳುವುದು.

13. ಕಾನೂನು ಸಂಬಂಧಿತ ಅಂಶಗಳು

ನಕ್ಷತ್ರ ಆಮೆ ಹಾಗೂ ಕಡಲಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತವಾಗಿದ್ದು ಅವುಗಳನ್ನು ಕೊಳ್ಳುವುದು ಶಿಕ್ಷಾರ್ಹ ಅಪರಾಧ. ಏಷ್ಯಾದ ಅರೋವಾನಾದಂತಹ, ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಜೀವಿಗಳನ್ನು ಹೊಂದಿರುವವರು, ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಹಾಗೂ 2024ರ ನಿಯಮಗಳನ್ವಯ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸತಕ್ಕದ್ದು. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮಾತ್ರ ಕಂಡುಬರುವ, ಕೆಂಪು ಪಟ್ಟಿಯ ಡೆನಿಸನ್ ಬಾರ್ಬ್ ಅಳಿವಿನಂಚಿನಲ್ಲಿರುವ ಮೀನು. ಹೊಳೆಗಳಿಂದ ಹಿಡಿದು ತಂದ ಇಂತಹ ಮೀನುಗಳನ್ನು ಕೊಳ್ಳಬಾರದು.

14. ಸಲಹೆ ಮತ್ತು ಅರ್ಜಿ

ಗಪ್ಪಿ, ಗೋಲ್ಡ್ ಫಿಷ್ ಮುಂತಾದ ಸಾಮಾನ್ಯ ಅಲಂಕಾರಿಕ ಮೀನುಗಳನ್ನು ಹವ್ಯಾಸಕ್ಕಾಗಿ ಮನೆಯಲ್ಲಿ ಸಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಅಗತ್ಯವಿಲ್ಲ. ಮಾರಾಟಕ್ಕಾಗಿ ಸಾಕಣೆ ಕೈಗೊಳ್ಳಬಯಸುವವರಿಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ 3 ಲಕ್ಷ ರೂ. ಘಟಕ ವೆಚ್ಚವನ್ನು ನಿಗದಿಪಡಿಸಿ, ಸಾಮಾನ್ಯ ವರ್ಗದವರಿಗೆ ಶೇ. 40 ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60ರ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿತ್ತು. ಅರ್ಜಿ ಸಲ್ಲಿಸುವ ವರ್ಷದಲ್ಲಿ ಜಾರಿಯಲ್ಲಿರುವ ಸೌಲಭ್ಯಗಳನ್ನು ತಾಲ್ಲೂಕಿನ ಸಹಾಯಕ ಮೀನುಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು. ಮನೆಯ ತೊಟ್ಟಿಗೆ ಈ ಸಹಾಯಧನ ಅನ್ವಯಿಸುವುದಿಲ್ಲ.

ಮೀನುಗಳ ಸಾವಿನ ಬಗ್ಗೆ ಸಲಹೆ ಬಯಸುವವರು ತೊಟ್ಟಿಯ ಅಳತೆ, ನೀರು ತುಂಬಿಸಿದ ದಿನಾಂಕ, ಮೀನು ಬಿಟ್ಟ ದಿನಾಂಕ, ಮೀನುಗಳ ಜಾತಿ ಮತ್ತು ಸಂಖ್ಯೆ, ನೀರಿನ ಮೂಲ ಹಾಗೂ ಕೊನೆಯ ಬಾರಿ ನೀರು ಬದಲಿಸಿದ ದಿನಾಂಕವನ್ನು ಬರೆದು ತಂದಲ್ಲಿ ಕಾರಣವನ್ನು ಗುರುತಿಸಲು ಅನುಕೂಲವಾಗುತ್ತದೆ. ನೀರು ತುಂಬಿಸಿದ ದಿನಾಂಕಕ್ಕೂ ಮೀನು ಬಿಟ್ಟ ದಿನಾಂಕಕ್ಕೂ ನಡುವೆ ಆರು ವಾರಗಳ ಅಂತರವಿದ್ದಲ್ಲಿ ಇಂತಹ ಸಲಹೆಯ ಅಗತ್ಯ ಬೀಳುವುದು ಬಹಳ ಕಡಿಮೆ.